ಓಡಿಸಿ ನೋಡಿದವರೂ ಎಂಜಿನಿಯರೇ

ಗಡಿಯಲ್ಲಿರುವ ನಮಗೆ ವರ್ಷಕ್ಕೆ ಎರಡು ಸಲ ಎಂಜಿನಿಯರುಗಳ ದಿನ ಬರುತ್ತದೆ. ತೆಲಂಗಾಣ ಸರ್ಕಾರ ಆಚರಿಸುವುದು ಜುಲೈ 11ರಂದು. ಅದು ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್ ಅವರ ಜನ್ಮದಿನ. ಮಕ್ತಲ್, ಮಾಗನೂರು ದಾಟಿ, ದೇವಸುಗೂರಿನ ಸೇತುವೆ ಹಿಡಿದು ರಾಯಚೂರು ಸೇರಿದರೆ ಅಲ್ಲಿ ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಜನ್ಮದಿನ. ಈ ಇಬ್ಬರ ಯೋಗ್ಯತೆಯ ಬಗ್ಗೆ ಯಾರ ತಕರಾರೂ ಇರಲಾರದು. ನಿಜಾಮಸಾಗರ ಕಟ್ಟಿಸಿದವರು ಒಬ್ಬರು. 1908ರ ಮೂಸಿ ಪ್ರವಾಹದಲ್ಲಿ ಹೈದರಾಬಾದು ಕೊಚ್ಚಿಹೋದ ಮೇಲೆ ಮತ್ತೆ ಹಾಗಾಗದಂತೆ ಯೋಜನೆ ಹಾಕಿಕೊಟ್ಟವರು ಇನ್ನೊಬ್ಬರು. ಆದರೆ ಎರಡೂ ದಿನಗಳಲ್ಲಿ ನಾವು ಕೈಮುಗಿಯುವುದು ಒಂದೇ ಬಗೆಯ ಎಂಜಿನಿಯರಿಗೆ: ನಕ್ಷೆ ಬರೆದು, ಲೆಕ್ಕ ಹಾಕಿ, ಕಲ್ಲು ನೀರಿನ ಕೆಲಸವನ್ನು ನಿಂತು ಮಾಡಿಸಿದವರಿಗೆ. ತಾನು ಮಾಡಿದ ಯಂತ್ರದ ಮೇಲೆ ತಾನೇ ಕೂತು, ಊರೆಲ್ಲ ನೋಡುವಂತೆ ಓಡಿಸಿ, ಎಲ್ಲಿ ಕೆಟ್ಟಿತು ಎಂದು ನೋಡಿ ಮತ್ತೆ ತಿದ್ದಿದ ಇನ್ನೊಂದು ಬಗೆಯ ಎಂಜಿನಿಯರ್ ನಮ್ಮ ಪಟ್ಟಿಯಲ್ಲಿಲ್ಲ. ಮೋಟಾರು ಬಂದ ಹೊಸದರಲ್ಲಿ ರೇಸಿಗೆ ಇಳಿದವರಲ್ಲಿ ಹಲವರು ಈ ಬಗೆಯವರು. ಅವರನ್ನು ಧೈರ್ಯಶಾಲಿಗಳೆಂದಲ್ಲ, ಎಂಜಿನಿಯರುಗಳೆಂದೇ ಗೌರವಿಸಬೇಕು. ಹಾಗೆ ಗೌರವಿಸುವ ಕೆಲಸ ನಾರಾಯಣಪೇಟೆ, ಮಕ್ತಲ್, ಗದ್ವಾಲಿನಂಥ ಊರುಗಳಿಗೆ ದೊಡ್ಡ ನಗರಗಳಿಗಿಂತ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ವಾದ.

ಎಮಿಲ್ ಲೆವಸ್ಸೋರ್ ಅವರಿಂದಲೇ ಶುರು ಮಾಡೋಣ. 1843ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಮನುಷ್ಯ ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿದವರು. ರೆನೆ ಪಾನ್ಹಾರ್ ಜೊತೆ ಸೇರಿ ನಡೆಸುತ್ತಿದ್ದದ್ದು ಮರ ಕೊಯ್ಯುವ ಯಂತ್ರ ತಯಾರಿಸುವ ಕಾರ್ಖಾನೆ. ಜರ್ಮನಿಯ ಡೈಮ್ಲರ್ ಎಂಜಿನ್ನನ್ನು ಫ್ರಾನ್ಸಿನಲ್ಲಿ ತಯಾರಿಸುವ ಹಕ್ಕು ಎಡ್ವಾರ್ ಸರಾಜಿನ್ ಎಂಬವರ ಬಳಿ ಇತ್ತು. 1887ರಲ್ಲಿ ಅವರು ತೀರಿಕೊಂಡಾಗ ಅವರ ಹೆಂಡತಿ ಲೂಯಿಸ್ ತಾವೇ ಜರ್ಮನಿಗೆ ಹೋಗಿ ಡೈಮ್ಲರ್ ಜೊತೆ ಮಾತಾಡಿ ಆ ಹಕ್ಕನ್ನು ಉಳಿಸಿಕೊಂಡರು. 1890ರಲ್ಲಿ ಲೂಯಿಸ್ ಮತ್ತು ಲೆವಸ್ಸೋರ್ ಮದುವೆಯಾದರು. ಹೀಗೆ ಎಂಜಿನ್ ಬಂತು. ಆದರೆ ಅದನ್ನು ಗಾಡಿಯಲ್ಲಿ ಎಲ್ಲಿ ಕೂರಿಸುವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಗಿನವರೆಲ್ಲ ಮಾಡುತ್ತಿದ್ದದ್ದು ಕುದುರೆ ಗಾಡಿಯಿಂದ ಕುದುರೆ ಬಿಚ್ಚಿ, ಸೀಟಿನ ಅಡಿಗೋ ಹಿಂದಕ್ಕೋ ಎಂಜಿನ್ ತುರುಕುವ ಕೆಲಸ. ಲೆವಸ್ಸೋರ್ ಕೂಡ ಮೊದಲು ಅದನ್ನೇ ಮಾಡಿ ನೋಡಿದರು, ಸರಿಬರಲಿಲ್ಲ. 1891ರ ಹೊತ್ತಿಗೆ ಎಂಜಿನ್ನನ್ನು ಮುಂದಕ್ಕೆ ತಂದರು. ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಹಲ್ಲುಗಾಲಿಗಳು ಸರಿದು ಕೂಡುವ ಗೇರ್ ಪೆಟ್ಟಿಗೆ, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ. ಮುಂದಿನ ಚಕ್ರಗಳ ಮೇಲೆ ಭಾರ ಬಿದ್ದದ್ದರಿಂದ ಗಾಡಿ ಹೇಳಿದ ಕಡೆ ತಿರುಗಿತು. ಕೆಟ್ಟರೆ ಬಾನೆಟ್ಟು ಎತ್ತಿ ಕೈ ಹಾಕಲು ಜಾಗವಾಯಿತು.

ಈ ಜೋಡಣೆ ಎಷ್ಟು ಗಟ್ಟಿ ಎಂದು ತಿಳಿಯಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳಿಗೆ ಬರುವ ಪಲ್ಲೆ ವೆಲುಗು ಬಸ್ಸಿನ ಮುಂಬಾಗಿಲಲ್ಲಿ ಹತ್ತಿದರೆ ಸಾಕು. ಡ್ರೈವರನ ಎಡಗಡೆ ದೊಡ್ಡ ಡಬ್ಬದ ಹಾಗೆ ಉಬ್ಬಿಕೊಂಡಿರುವುದು ಎಂಜಿನ್ನಿನ ಮುಚ್ಚಳ. ಸಂತೆಯ ದಿನ ಅದರ ಮೇಲೆ ಚೀಲ ಇಡುತ್ತಾರೆ, ಬೇಸಿಗೆಯಲ್ಲಿ ಅದರ ಪಕ್ಕ ಯಾರೂ ಕೂರಲೊಲ್ಲರು. ಅಲ್ಲಿಂದ ಹಿಂದಕ್ಕೆ ಕ್ಲಚ್ಚು, ಗೇರ್ ಪೆಟ್ಟಿಗೆ, ಬಸ್ಸಿನ ಹೊಟ್ಟೆಯಡಿ ತಿರುಗುವ ಉದ್ದನೆಯ ಶಾಫ್ಟು, ಹಿಂದಿನ ಆಕ್ಸಲ್ಲು. ಭತ್ತದ ಮೂಟೆ ಹೊತ್ತು ಹೋಗುವ ಲಾರಿಯದೂ ಇದೇ ಕ್ರಮ. ಶಾಫ್ಟಿನ ಬದಲು ಅಂದು ಚೈನು ಇತ್ತು, ಎಂಜಿನ್ನಿನ ಬಲ ಈಗ ಎಷ್ಟೋ ಪಾಲು ಹೆಚ್ಚಿದೆ, ಅಷ್ಟೆ. ನೂರಾ ಮೂವತ್ತು ವರ್ಷ ದಾಟಿದ ಮೇಲೂ ನಾರಾಯಣಪೇಟೆ ಡಿಪೋದ ಮೆಕ್ಯಾನಿಕ್ ಬೆಳಗಾದರೆ ಕೈ ಹಾಕುವುದು ಲೆವಸ್ಸೋರ್ ಇಟ್ಟ ಜಾಗಕ್ಕೇ.

ಆದರೆ ಜಗತ್ತು ಇದನ್ನು ಒಪ್ಪಿದ್ದು ನಕ್ಷೆ ನೋಡಿ ಅಲ್ಲ, ಓಟ ನೋಡಿ. 1895ರ ಜೂನ್ 11ರಂದು ಪ್ಯಾರಿಸ್ಸಿನಿಂದ ಬೋರ್ಡೋವರೆಗೆ ಹೋಗಿ ವಾಪಸು ಬರುವ 1,178 ಕಿಲೋಮೀಟರ್ ಓಟ ಶುರುವಾಯಿತು. ಇಪ್ಪತ್ತಕ್ಕೂ ಹೆಚ್ಚು ಗಾಡಿಗಳು ಹೊರಟವು. ಪೆಟ್ರೋಲಿನವು, ಉಗಿಯವು, ವಿದ್ಯುತ್ತಿನದೂ ಒಂದು. ಯಾವುದು ಗೆಲ್ಲುವ ತಂತ್ರ ಎಂಬುದು ಅಂದು ತೀರ್ಮಾನವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಲೆವಸ್ಸೋರ್ ಅವರಿಗೆ ಆಗ 52 ವರ್ಷ. ಗಾಡಿಯದು ಎರಡು ಸಿಲಿಂಡರಿನ ಪುಟ್ಟ ಎಂಜಿನ್, ನಾಲ್ಕು ಅಶ್ವಶಕ್ತಿಯ ಆಸುಪಾಸು. ತಿರುಗಿಸಲು ಸ್ಟೀರಿಂಗ್ ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಹಿಡಿಕೆ. ರಾತ್ರಿಗೆ ಮಿಣಮಿಣ ದೀಪ. ದಾರಿಯಲ್ಲಿ ಒಬ್ಬರು ಕಾದಿದ್ದು ಚಾಲನೆ ವಹಿಸಿಕೊಳ್ಳಬೇಕೆಂದು ಮೊದಲೇ ಮಾತಾಗಿತ್ತು. ಆದರೆ ಲೆವಸ್ಸೋರ್ ಯಾರೂ ಎಣಿಸದಷ್ಟು ಬೇಗ, ನಸುಕಿಗೂ ಮುಂಚೆ ಅಲ್ಲಿಗೆ ಮುಟ್ಟಿದಾಗ ಆತ ಇನ್ನೂ ಮಲಗಿದ್ದ. ಎಬ್ಬಿಸಿ ಕಾಯುವ ಬದಲು ತಾವೇ ಮುಂದುವರಿದರು. ಬೋರ್ಡೋ ಮುಟ್ಟಿ ಹೆಚ್ಚು ಹೊತ್ತು ನಿಲ್ಲದೆ ತಿರುಗಿಸಿದರು. ಪ್ಯಾರಿಸ್ಸಿನ ಪೋರ್ತ್ ಮಾಯೋ ದ್ವಾರಕ್ಕೆ ಬಂದಾಗ 48 ಗಂಟೆ 48 ನಿಮಿಷವಾಗಿತ್ತು. ಎರಡನೆಯ ಗಾಡಿ ಬಂದದ್ದು ಹತ್ತಿರಹತ್ತಿರ ಆರು ಗಂಟೆ ತಡವಾಗಿ. ಇಷ್ಟಾದರೂ ಮೊದಲ ಬಹುಮಾನ ಅವರಿಗೆ ಸಿಗಲಿಲ್ಲ. ನಿಯಮದ ಪ್ರಕಾರ ಅದು ಎರಡಕ್ಕಿಂತ ಹೆಚ್ಚು ಸೀಟಿನ ಗಾಡಿಗೆ ಮೀಸಲು, ಅವರದು ಎರಡೇ ಸೀಟಿನದು. ನಿಯಮ ಪುಸ್ತಕದ ಆಟ ನಮ್ಮಲ್ಲಿ ಮಾತ್ರ ಎಂದುಕೊಂಡವರಿಗೆ ಇದು ಸಮಾಧಾನ ಕೊಡಬಹುದು.

ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್. ಇಂದು ಸೈಕಲ್ ಕಲಿತ ಹುಡುಗನೂ ಸ್ವಲ್ಪ ಹೊತ್ತು ಅಷ್ಟು ತುಳಿದಾನು. ಹಾಗಾದರೆ ಇದರಲ್ಲಿ ಏನು ಸಾಧನೆ? ಸಾಧನೆ ವೇಗದ್ದಲ್ಲ, ತಾಳಿಕೆಯದು. ಎರಡು ಹಗಲು ಎರಡು ರಾತ್ರಿ ಸತತವಾಗಿ ಓಡಿಯೂ ಗೇರು ಮುರಿಯಲಿಲ್ಲ, ಎಂಜಿನ್ ಕರಗಲಿಲ್ಲ ಎಂಬುದೇ ಅಂದಿನ ಸುದ್ದಿ. ಕಾರ್ಖಾನೆಯ ಅಂಗಳದಲ್ಲಿ ಹತ್ತು ಸುತ್ತು ಹಾಕಿದರೆ ಇದು ಗೊತ್ತಾಗುತ್ತಿರಲಿಲ್ಲ. ಇದೇ ಓಟದಲ್ಲಿ ಇನ್ನೊಂದು ಪಾಠವೂ ನಡೆಯಿತು. ಮಿಷಲಿನ್ ಸಹೋದರರು ಗಾಳಿ ತುಂಬಿದ ಟಯರಿನ ಕಾರು ತಂದಿದ್ದರು. ದಾರಿಯುದ್ದಕ್ಕೂ ಪಂಕ್ಚರು, ನಿಗದಿಯಾದ ಸಮಯದೊಳಗೆ ಅವರು ಮುಟ್ಟಲೇ ಇಲ್ಲ. ಆ ದಿನ ನಗೆಗೀಡಾದದ್ದು ಆ ಟಯರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಕಿಕೊಂಡದ್ದೂ ಅದನ್ನೇ. ಗೆದ್ದವನ ಕಾರು ಕಲಿಸಿದಷ್ಟೇ ಸೋತವನ ಟಯರೂ ಕಲಿಸಿತು. ಬಹಿರಂಗವಾಗಿ ಸೋಲಲು ಒಪ್ಪುವುದು ರೇಸಿನ ಗುಣ. ಪ್ರಯೋಗಾಲಯದಲ್ಲಿ ಸೋತದ್ದನ್ನು ಮುಚ್ಚಿಡಬಹುದು, ರಸ್ತೆಯಲ್ಲಿ ಸೋತದ್ದನ್ನು ಮುಚ್ಚಿಡಲಾಗದು. ಹೀಗಾಗಿಯೇ ಆ ಕಾಲದ ರೇಸ್ ಚಾಲಕನನ್ನು ನಾನು ಪರೀಕ್ಷೆ ನಡೆಸಿದ ಎಂಜಿನಿಯರ್ ಎಂದು ಕರೆಯುವುದು.

ಆ ಪರೀಕ್ಷೆಯ ಬೆಲೆ ಸಣ್ಣದಾಗಿರಲಿಲ್ಲ. 1896ರ ಪ್ಯಾರಿಸ್–ಮಾರ್ಸೇಲ್ ಓಟದಲ್ಲಿ ಅಡ್ಡ ಬಂದ ನಾಯಿಯೊಂದನ್ನು ತಪ್ಪಿಸಲು ಹೋಗಿ ಲೆವಸ್ಸೋರ್ ಗಾಡಿ ಉರುಳಿತು. ಅವರು ಮತ್ತೆ ಕೆಲಸಕ್ಕೆ ಬಂದರು, ಆದರೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1897ರ ಏಪ್ರಿಲಿನಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 1907ರಲ್ಲಿ, ಓಟ ಮುಗಿದ ಆ ಪೋರ್ತ್ ಮಾಯೋದಲ್ಲೇ ಅವರಿಗೆ ಕಲ್ಲಿನ ಸ್ಮಾರಕ ನಿಲ್ಲಿಸಿದರು. ಶಿಲ್ಪಿ ಜೂಲ್ ದಾಲೂ ರೂಪಿಸಿ, ಅವರು ತೀರಿದ ಮೇಲೆ ಶಿಷ್ಯರು ಮುಗಿಸಿದ ಆ ಕಲ್ಲಿನಲ್ಲಿ ಲೆವಸ್ಸೋರ್ ಶಾಲು ಹೊದ್ದು ನಿಂತಿಲ್ಲ; ಕಾರಿನಲ್ಲಿ ಕೂತು ಓಡಿಸುತ್ತಿದ್ದಾರೆ. ಗೌರವ ಹೇಗಿರಬೇಕು ಎಂಬುದಕ್ಕೆ ಇದೊಂದು ಒಳ್ಳೆಯ ಮಾದರಿ: ಮನುಷ್ಯನನ್ನು ಅವನ ಕೆಲಸದೊಳಗೇ ಕೂರಿಸಿ ತೋರಿಸುವುದು.

ನಮ್ಮ ಭಾಗದ ಚಕ್ರದ ಚರಿತ್ರೆ ನೋಡಿದರೆ ಉಳಿದಿರುವುದೆಲ್ಲ ಒಡೆಯರ ಹೆಸರು. ನಾರಾಯಣಪೇಟೆ, ಮಕ್ತಲ್ ಬಹುಕಾಲ ಇದ್ದದ್ದು ಮಹಬೂಬ್‌ನಗರ ಜಿಲ್ಲೆಯಲ್ಲಿ. ಆ ಹೆಸರಿನ ನಿಜಾಮ ಮಹಬೂಬ್ ಅಲಿ ಖಾನ್ ತರಿಸಿದ ರೋಲ್ಸ್ ರಾಯ್ಸ್ ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಆರ್ಡರ್ ಕೊಟ್ಟ ನಿಜಾಮರು ಅದು ಬರುವ ಮೊದಲೇ, 1911ರಲ್ಲಿ ತೀರಿಕೊಂಡರು. ಸಿಂಹಾಸನದಂಥ ಸೀಟಿನ ಆ ಕಾರು ಹೊರಗೆ ಬಂದದ್ದೇ ಅಪರೂಪ. ಅದನ್ನು ನೋಡಲು ಜನ ಟಿಕೆಟ್ ಕೊಂಡು ಹೋಗುತ್ತಾರೆ. 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸು, 166 ನೌಕರರೊಂದಿಗೆ ಶುರುವಾಯಿತು. ಇಂದಿನ ಆರ್‌ಟಿಸಿಯ ಬೇರು ಅದು. ಬಸ್ಸಿನ ನಂಬರಿನಲ್ಲಿ ಬರುವ ಝಡ್ ಅಕ್ಷರ ಆಗಿನ ನಿಜಾಮರ ತಾಯಿಯ ಹೆಸರಿನಿಂದ ಬಂತು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಆ 166 ಮಂದಿಯಲ್ಲಿ ಒಬ್ಬರ ಹೆಸರೂ ನಮ್ಮ ಬಾಯಲ್ಲಿ ಬರುವುದಿಲ್ಲ. ದೇವಸುಗೂರಿನ ಸೇತುವೆಯದೂ ಅದೇ ಕಥೆ. 1933ರಿಂದ 1943ರವರೆಗೆ ಹತ್ತು ವರ್ಷ ಹಿಡಿದು, ಅರವತ್ತು ಅಡಿ ಅಗಲದ 35 ಕಣ್ಣುಗಳಿಟ್ಟು ಕಟ್ಟಿದ ಸಿರತ್-ಎ-ಜೂದಿಗೆ ಇರುವುದು ರಾಜಕುಮಾರ ಜವಾದ್ ಜಾ ಹೆಸರು. ದುಡ್ಡು ಕೊಟ್ಟವರ ಹೆಸರು ಇರಲಿ, ತಪ್ಪಿಲ್ಲ. ಅದರ ಪಕ್ಕದಲ್ಲಿ ಕೆಲಸ ಮಾಡಿದವರಿಗೂ ಜಾಗ ಬೇಕು ಎಂಬುದಷ್ಟೇ ಮಾತು.

ಭಾರತದಲ್ಲಿ ಇಂಥ ಚಾಲಕ-ಎಂಜಿನಿಯರ್ ತಡವಾಗಿ ಬಂದದ್ದಕ್ಕೆ ಕಾರಣವಿದೆ, ಅದು ಧೈರ್ಯದ ಕೊರತೆಯಲ್ಲ. ಕಾರನ್ನು ತಿದ್ದಬೇಕಾದರೆ ಮೊದಲು ಕಾರು ಮಾಡುವ ಕಾರ್ಖಾನೆ ಬೇಕು. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತಕ್ಕೊಂದು ಪೂರ್ಣ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ಕೈಜೋಡಿಸಲು ಮುಂದಾದರೂ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದದ್ದು ಕಾರಿನದಲ್ಲ, ಯುದ್ಧಕ್ಕೆ ಬೇಕಾದ ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್. ಕಾರಿಗಾಗಿ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಬೇಕಾಯಿತು. ಲೆವಸ್ಸೋರ್ ತೀರಿ ಆಗಲೇ 47 ವರ್ಷ. ಅಷ್ಟು ಕಾಲ ನಮ್ಮವರು ಬೇರೆಯವರು ಮಾಡಿದ ಗಾಡಿಯನ್ನು ಕೊಂಡರು, ಓಡಿಸಿದರು, ರಿಪೇರಿ ಮಾಡಿದರು. ಅದರ ಹುಟ್ಟಿನಲ್ಲಿ ಪಾಲು ಸಿಗಲಿಲ್ಲ.

ಆ ಪಾಲನ್ನು ಕಿತ್ತು ತೆಗೆದುಕೊಂಡವರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಮುಖ್ಯರು. 1970–80ರ ದಶಕಗಳಲ್ಲಿ ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ಕಾರು ರೇಸು ನಡೆಯುತ್ತಿತ್ತು. ಹಣವಂತರು ವಿದೇಶಿ ಕಾರು ತಂದು ಓಡಿಸುತ್ತಿದ್ದ ಕಾಲ. ಕರಿವರ್ಧನ್ ಕೂಡ ಅಲ್ಲಿ ಓಡಿಸಿದವರೇ. ಆದರೆ ಅಷ್ಟಕ್ಕೆ ನಿಲ್ಲದೆ ಊರಿನಲ್ಲೇ ರೇಸ್ ಕಾರುಗಳನ್ನು ಕಟ್ಟಿದರು. ಮನೆಮನೆಗೆ ಬಂದಿದ್ದ ಮಾರುತಿ 800ರ ಎಂಜಿನ್ ತೆಗೆದು ಒಂಟಿ ಸೀಟಿನ ರೇಸ್ ಕಾರಿಗೆ ಹಾಕಿದರು. ಫಾರ್ಮುಲಾ ಮಾರುತಿ ಎಂದು ಹೆಸರಾದದ್ದು ಅದೇ. ಹಳ್ಳಿಯ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವ ಎಂಜಿನ್ನಿನ ಮೇಲೆ ರೇಸ್ ಕಲಿಯಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಆ ಕಾರುಗಳಲ್ಲಿ ಕಲಿತ ಹುಡುಗರಲ್ಲಿ ನಾರಾಯಣ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ಹಾರಾಟದ ವೇಳೆಯ ಅಪಘಾತದಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡಿದ್ದರು. ಅವರಿಗೆ ಸಂದ ಗೌರವ ನನಗೆ ಬಹಳ ಹಿಡಿಸುತ್ತದೆ. ಅವರ ಊರಿನ ಹೊರಗೆ, ಚೆಟ್ಟಿಪಾಳ್ಯದಲ್ಲಿ, 2.1 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕಿಗೆ ಕರಿ ಮೋಟಾರ್ ಸ್ಪೀಡ್‌ವೇ ಎಂದು ಹೆಸರಿಟ್ಟರು. ಪ್ರತಿಮೆಯ ಕೊರಳಿಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ. ಟ್ರ್ಯಾಕಿನ ಮೇಲೆ ಹೊಸ ಹುಡುಗರು ಹುಡುಗಿಯರು ಓಡುತ್ತಲೇ ಇರುತ್ತಾರೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿ ತಂದು ಪರೀಕ್ಷಿಸುತ್ತಾರೆ.

ಇಂಥ ಗೌರವಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು, ಅದು ಹಗುರವಾದುದೂ ಅಲ್ಲ. ಎರ್ರವಲ್ಲಿ ಹತ್ತಿರದ ಹೆದ್ದಾರಿಯಲ್ಲೋ ಮಕ್ತಲ್–ರಾಯಚೂರು ರಸ್ತೆಯಲ್ಲೋ ಬೈಕ್ ಹಾರಿಸಿಕೊಂಡು ಹೋಗಿ ಮಕ್ಕಳು ಸಾಯುತ್ತಿರುವಾಗ ರೇಸ್ ಓಡಿಸಿದವರಿಗೆ ಸನ್ಮಾನವೇ ಎಂದು ತಂದೆತಾಯಿ ಕೇಳಿದರೆ ಉತ್ತರ ಕೊಡಬೇಕು. ಉತ್ತರ ರೇಸಿನ ಚರಿತ್ರೆಯಲ್ಲೇ ಇದೆ. 1903ರಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್‌ಗೆ ಹೊರಟ ಓಟದಲ್ಲಿ ಚಾಲಕರೂ ದಾರಿಬದಿಯ ಜನರೂ ಸತ್ತರು. ರೆನೋ ಸಹೋದರರಲ್ಲಿ ಒಬ್ಬರಾದ ಮಾರ್ಸೆಲ್ ಕೂಡ ಉಳಿಯಲಿಲ್ಲ. ಸರ್ಕಾರ ಆ ಓಟವನ್ನು ಬೋರ್ಡೋದಲ್ಲೇ ನಿಲ್ಲಿಸಿತು. ಊರಿಂದ ಊರಿಗೆ ಸಾರ್ವಜನಿಕ ರಸ್ತೆಯ ಮೇಲೆ ಓಡುವ ಕಾಲ ಅಲ್ಲಿಗೆ ಮುಗಿಯಿತು. ನಾಲ್ಕೇ ವರ್ಷದಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕು ತೆರೆಯಿತು. ರಸ್ತೆ ರೇಸಿನ ಜಾಗವಲ್ಲ ಎಂಬುದನ್ನು ರೇಸಿನವರು ಹೆಣ ಎಣಿಸಿ ಕಲಿತು ನೂರಿಪ್ಪತ್ತು ವರ್ಷವಾಯಿತು. ಲೆವಸ್ಸೋರ್ ಕಥೆ ಹೇಳುವವರು ಆ ನಾಯಿ, ಆ ಉರುಳಿದ ಗಾಡಿ, ಆ ಸಾವನ್ನೂ ಸೇರಿಸಿಯೇ ಹೇಳಬೇಕು. ಹಾಗೆ ಹೇಳಿದ ಕಥೆ ಹುಡುಗರ ಕೈಯಿಂದ ಎಕ್ಸಿಲರೇಟರ್ ಬಿಡಿಸುವುದಕ್ಕೆ ಪೊಲೀಸರ ಬ್ಯಾನರಿಗಿಂತ ಹೆಚ್ಚು ಕೆಲಸ ಮಾಡೀತು ಎಂದು ನಾನು ನಂಬುತ್ತೇನೆ. ರೇಸಿನ ಹೆಸರನ್ನೇ ಎತ್ತದೆ ಇದ್ದರೆ ಅದರ ಮೋಹ ಕಡಿಮೆಯಾಗುವುದಿಲ್ಲ. ಅದರ ಲೆಕ್ಕ ಮಾತ್ರ ಮರೆತುಹೋಗುತ್ತದೆ.

ಶ್ರೀಮಂತರ ಆಟ ಎಂಬ ಮಾತೂ ಬಹುಪಾಲು ನಿಜ. ಸಾಮಾನ್ಯ ಸಂಬಳದವರು ಶೋಲಾವರಂಗೆ ಕಾರು ತಂದಿರಲಿಲ್ಲ. ಆದರೆ ಗೌರವ ಕೊಡುವಾಗ ಆರಿಸುವ ಸ್ವಾತಂತ್ರ್ಯ ನಮ್ಮದು. ಕೊಂಡ ಕಾರಿನಲ್ಲಿ ಗೆದ್ದವರನ್ನು ಬಿಡೋಣ. ಕಾರನ್ನು ಅಗ್ಗ ಮಾಡಿದವರನ್ನು, ಗಟ್ಟಿ ಮಾಡಿದವರನ್ನು ಹಿಡಿಯೋಣ. ಒಬ್ಬರನ್ನೇ ಏಕೆ ಎತ್ತಿ ಹಿಡಿಯಬೇಕು ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಡೈಮ್ಲರ್ ಎಂಜಿನ್, ಪಾನ್ಹಾರ್ ದುಡ್ಡು, ಲೂಯಿಸ್ ಜರ್ಮನಿಗೆ ಹೋಗಿ ತಂದ ಹಕ್ಕು, ಹೆಸರಿಲ್ಲದ ಫಿಟ್ಟರುಗಳ ಕೈ, ಇವಿಲ್ಲದೆ ಲೆವಸ್ಸೋರ್ ಇಲ್ಲ. ಸ್ಮಾರಕ ಮಾತ್ರ ಲೆವಸ್ಸೋರ್ ಅವರದು, ಲೂಯಿಸ್ ಅವರದಲ್ಲ. ಇದು ಅನ್ಯಾಯವೇ, ಒಪ್ಪುತ್ತೇನೆ. ಇದಕ್ಕೆ ಪರಿಹಾರ ಲೆವಸ್ಸೋರ್ ಹೆಸರು ಅಳಿಸುವುದಲ್ಲ, ಲೂಯಿಸ್ ಹೆಸರು ಸೇರಿಸುವುದು. ಜರ್ಮನಿಯವರು ಈ ತಪ್ಪನ್ನು ಒಂದು ಮಟ್ಟಿಗೆ ತಿದ್ದಿಕೊಂಡಿದ್ದಾರೆ. 1888ರಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರು ಓಡಿಸಿ, ದಾರಿಯಲ್ಲಿ ಮೋಚಿಯಿಂದ ಬ್ರೇಕಿಗೆ ಚರ್ಮ ಹೊಡೆಸಿಕೊಂಡ ಬೆರ್ತಾ ಬೆಂಜ್ ಹೆಸರಿನಲ್ಲಿ ಆ ದಾರಿಗೇ 2008ರಲ್ಲಿ ಫಲಕ ಹಾಕಿದರು.

ಇನ್ನು, ಇವರೆಲ್ಲ ನಮಗೇನಾಗಬೇಕು? ಪಾಲಮೂರಿನ, ಅಂದರೆ ಮಹಬೂಬ್‌ನಗರ ಸೀಮೆಯ, ಕೂಲಿಗಳು ದೇಶದ ಮೂಲೆಮೂಲೆಯ ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತವರು. ಅವರಿಗೇ ಒಂದು ಕಲ್ಲು ನಿಲ್ಲಿಸದ ನಾಡಿನಲ್ಲಿ ಫ್ರಾನ್ಸಿನವರ ಹೆಸರು ಹೇಳುವುದು ಅತಿಯಾಯಿತು ಎಂದು ಯಾರಾದರೂ ಅಂದರೆ ಸಿಟ್ಟು ನ್ಯಾಯವಾದದ್ದು. ಆದರೆ ಎರಡೂ ಒಂದಕ್ಕೊಂದು ಎದುರಲ್ಲ. ನಕ್ಷೆ ಬರೆದವರಿಗೆ ಮಾತ್ರ ಗೌರವ ಎಂಬ ರೂಢಿ ಮುರಿದರೆ ಮಣ್ಣು ಹೊತ್ತವರಿಗೂ ಸ್ಟೀರಿಂಗ್ ಹಿಡಿದವರಿಗೂ ಒಟ್ಟಿಗೇ ಬಾಗಿಲು ತೆರೆಯುತ್ತದೆ. ಈ ಊರುಗಳಲ್ಲಿ ನೇಯ್ಗೆಯ ಹೊರತಾಗಿ ಹುಡುಗರು ಕೈಯಾರೆ ಕಲಿಯುವ ದೊಡ್ಡ ವಿದ್ಯೆ ಮೋಟಾರಿನದು. ಟ್ರ್ಯಾಕ್ಟರ್, ಲಾರಿ, ಆಟೊ, ಬೋರ್‌ವೆಲ್ ಗಾಡಿ, ಎಲ್ಲದಕ್ಕೂ ಬೇಕಾದ ಕೈ ಅವರದು. ಸ್ಪ್ಯಾನರ್ ಹಿಡಿದ ಆ ಕೈಗೆ ಎಣ್ಣೆ ಮಸಿ ಮೆತ್ತಿರುವುದರಿಂದ ಅದು ವಿದ್ಯೆಯಲ್ಲ, ಓದು ಹತ್ತದವರ ಪಾಡು ಎಂದು ಮನೆಯವರೂ ಮಾಸ್ತರರೂ ಹೇಳಿ ಹೇಳಿ ನಂಬಿಸಿದ್ದಾರೆ. ನೂರಾ ಮೂವತ್ತು ವರ್ಷದ ಹಿಂದೆ ಜಗತ್ತಿನ ಕಾರಿಗೆ ಆಕಾರ ಕೊಟ್ಟವರ ಕೈಗೂ ಅದೇ ಮಸಿ ಇತ್ತು ಎಂಬುದು ಇಲ್ಲಿನ ಹುಡುಗನಿಗೆ ಗೊತ್ತಾಗಬೇಕು.

ಇದಕ್ಕೆ ದೊಡ್ಡ ಖರ್ಚು ಬೇಡ, ರೇಸ್ ಟ್ರ್ಯಾಕೂ ಬೇಡ. ನಮ್ಮ ಕಡೆಯ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವರ್ಕ್‌ಶಾಪಿಗೆ ಕರಿವರ್ಧನ್ ಹೆಸರಿಡಬಹುದು. ಅದರ ಗೋಡೆಯ ಮೇಲೆ ಹಾರ ಹಾಕುವ ಫೋಟೋ ಬದಲು 1891ರ ಪಾನ್ಹಾರ್–ಲೆವಸ್ಸೋರ್ ಗಾಡಿಯ ಸೀಳುನಕ್ಷೆಯನ್ನು ಆಳೆತ್ತರಕ್ಕೆ ಬರೆಸಬೇಕು. ಪಕ್ಕದಲ್ಲೇ ನಮ್ಮ ಬಸ್ಸಿನ ಸೀಳುನಕ್ಷೆ. ಕೆಳಗೆ ಕನ್ನಡ, ತೆಲುಗು, ಉರ್ದುವಿನಲ್ಲಿ ಲೂಯಿಸ್ ಹೆಸರೂ ಸೇರಿದಂತೆ ವಿವರ. ಹುಡುಗರು ಎರಡೂ ನಕ್ಷೆಗಳ ಮೇಲೆ ಬೆರಳಿಟ್ಟು ಕ್ಲಚ್ಚು ಎಲ್ಲಿ, ಗೇರು ಎಲ್ಲಿ ಎಂದು ಹೋಲಿಸಿ ನೋಡುವಂತಿರಬೇಕು. ಜುಲೈ 11ರ ಸಭೆಗೆ ಮುಖ್ಯ ಎಂಜಿನಿಯರುಗಳ ಜೊತೆ ನಾರಾಯಣಪೇಟೆ, ಗದ್ವಾಲ್ ಡಿಪೋಗಳ ಒಬ್ಬ ಮೆಕ್ಯಾನಿಕನನ್ನೂ ಒಬ್ಬ ಡ್ರೈವರನನ್ನೂ ಕರೆದು ವೇದಿಕೆಯ ಮೇಲೆ ಕೂರಿಸಬೇಕು. ಬರೀ ಶಾಲು ಹೊದಿಸಿ ಕಳಿಸದೆ, ಗಾಡಿ ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂದು ಹತ್ತು ನಿಮಿಷ ಮಾತಾಡಲು ಮೈಕ್ ಕೊಡಬೇಕು. ಸೆಪ್ಟೆಂಬರ್ 15ಕ್ಕೆ ರಾಯಚೂರಿನ ಕಾಲೇಜುಗಳು ಅವರನ್ನೇ ಸೇತುವೆ ದಾಟಿಸಿ ಕರೆಸಿಕೊಂಡರೆ ಬಸ್ ಚಾರ್ಜಿನಷ್ಟೇ ಖರ್ಚು. ಅದಕ್ಕೂ ಅವರ ಬಳಿ ಪಾಸ್ ಇರುತ್ತದೆ.